ವ್ಯಸನನಿವೃತ್ತಿಯಲ್ಲಿ ಅವಧಾನದ ಸ್ಥಾನ

(ಧನಗೆರೆಯ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಾಠ)



ಮಠವೊಂದರ ಮಹೋತ್ಸವಕಾಲದಲ್ಲಿ ದಾಸೋಹದ ಲೆಕ್ಕ, ಪಾಠಶಾಲೆಯ ಲೆಕ್ಕ, ಜೀರ್ಣೋದ್ಧಾರವಾದ ಮಂಟಪಗಳ ಲೆಕ್ಕ, ಇವೆಲ್ಲವೂ ಬರೆಯಲ್ಪಡುವುವು. ಅದು ಯುಕ್ತವೇ ಸರಿ. ಆದರೆ ಭಕ್ತನ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಮನೆಯ ಯಜಮಾನನು ಯಾವ ಸ್ಥಿತಿಯಲ್ಲಿ ಹೊಸಿಲು ದಾಟುವನೆಂಬ ಲೆಕ್ಕವು ಯಾವ ಕಡತದಲ್ಲಿಯೂ ಸೇರದು. ಆ ಲೆಕ್ಕವನ್ನು ಬಲ್ಲವರು ಮನೆಯ ಹೆಣ್ಣುಮಕ್ಕಳು ಮಾತ್ರ. ಗಂಡನ ಹೆಜ್ಜೆಯ ಸಪ್ಪಳದಿಂದಲೇ ಆ ದಿನದ ರಾತ್ರಿಯು ಹೇಗೆ ಕಳೆಯುವುದೆಂದು ತಿಳಿದುಕೊಳ್ಳುವ ತಾಯಂದಿರು ಊರೂರಿನಲ್ಲಿಯೂ ಇರುವರು. ಅವರ ಆ ಭಯವು ನೀಗದೆ ಉಳಿದಲ್ಲಿ ಮಠದ ಉಳಿದ ಸತ್ಕಾರ್ಯಗಳೆಲ್ಲವೂ ಅರ್ಧ ಫಲವನ್ನೇ ಕೊಟ್ಟಂತಾಗುವುದು. ಆದಕಾರಣ ವ್ಯಸನದಿಂದ ಬಿಡುಗಡೆ ಹೊಂದುವ ಬಗೆ ಹೇಗೆ, ಅದರಲ್ಲಿ ಅವಧಾನಕ್ಕೆ ಯಾವ ಸ್ಥಾನವುಂಟು ಎಂಬ ವಿಷಯವನ್ನು ಇಲ್ಲಿ ವಿಚಾರಿಸಲಾಗುವುದು.

ಮೊದಲು ಶಬ್ದಾರ್ಥವನ್ನು ನೋಡುವುದು ಒಳ್ಳೆಯದು. 'ವಿ' ಎಂಬ ಉಪಸರ್ಗದ ಮುಂದೆ ಎಸೆಯುವುದೆಂಬ ಅರ್ಥದ 'ಅಸ್' ಧಾತುವು ಬಂದು ವ್ಯಸನ ಶಬ್ದವಾಯಿತು. ಮನುಷ್ಯನನ್ನು ಅವನ ನೆಲೆಯಿಂದ ದೂರಕ್ಕೆ ಎಸೆಯುವುದು ಯಾವುದೋ ಅದು ವ್ಯಸನ. ನೀತಿಶಾಸ್ತ್ರಕಾರರು ಅರಸರಿಗೆ ಹೇಳಿದ ಸಪ್ತವ್ಯಸನಗಳಲ್ಲಿ ದ್ಯೂತವೂ ಪಾನವೂ ಸೇರಿರುವುವು. ಅಂದು ಅರಸರನ್ನು ಕೆಡಿಸಿದ ದ್ಯೂತವು ಇಂದು ಕೂಲಿಕಾರನ ಮಗನ ಕೈಯೊಳಗಿನ ಮೊಬೈಲಿನಲ್ಲಿ ಬಂದು ಕುಳಿತಿರುವುದು. ಹೊಗೆಸೊಪ್ಪು, ಬೀಡಿ, ಗುಟ್ಕಾ, ಗಾಂಜಾ ಮುಂತಾದವುಗಳು ವೇಷವನ್ನು ಮಾತ್ರ ಬದಲಿಸಿಕೊಂಡ ಅದೇ ಶತ್ರುಗಳು. ಇಲ್ಲಿ ಮದ್ಯವನ್ನೇ ಮುಖ್ಯವಾಗಿ ಹಿಡಿದು ಹೇಳಿದರೂ ಉಳಿದವುಗಳಿಗೂ ಇದೇ ನ್ಯಾಯವು ಸಲ್ಲುವುದು.

ಈ ಕೇಡಿನ ಪರಿಮಾಣವೆಷ್ಟೆಂದರೆ, ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಇಲಾಖೆಗಾಗಿ ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯವರು ದೇಶದಾದ್ಯಂತ ಸಮೀಕ್ಷೆ ನಡೆಸಿ 2019ರಲ್ಲಿ ಪ್ರಕಟಿಸಿದ ವರದಿಯಂತೆ, 10ರಿಂದ 75 ವರ್ಷದೊಳಗಿನ ಜನರಲ್ಲಿ ನೂರಕ್ಕೆ 14.6 ಮಂದಿ, ಎಂದರೆ ಸುಮಾರು 16 ಕೋಟಿ ಜನರು ಮದ್ಯಸೇವನೆ ಮಾಡುವವರು. ಇವರಲ್ಲಿ ಸುಮಾರು 2.9 ಕೋಟಿ ಜನರು ಅದಿಲ್ಲದೆ ಬದುಕಲಾರೆವೆಂಬ ಅಧೀನಸ್ಥಿತಿಗೆ ಬಂದವರು. ಇದಕ್ಕಿಂತಲೂ ಶೋಚನೀಯವಾದ ಸಂಗತಿಯೊಂದು ಅದೇ ವರದಿಯಲ್ಲಿರುವುದು. ಹೀಗೆ ಅಧೀನರಾದ 38 ಜನರಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿದ್ದಿತು. ಉಳಿದ 37 ಮಂದಿಯ ಭಾರವು ಅವರವರ ಮನೆಯವರ ಹೆಗಲ ಮೇಲೆಯೇ ಇದ್ದಿತೆಂದಂತಾಯಿತು.

ಈ ಕೇಡನ್ನು ಕಾನೂನಿನಿಂದ ತಡೆಯಲು ನಡೆದ ಪ್ರಯತ್ನಗಳನ್ನು ಕೊಳ್ಳೇಗಾಲದ ಸೀಮೆಯು ಚೆನ್ನಾಗಿ ಬಲ್ಲದು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ಮೊದಲು ಈ ತಾಲ್ಲೂಕು ಮದ್ರಾಸು ಅಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಒಳಪಟ್ಟಿದ್ದಿತು. ಆ ಪ್ರಾಂತದಲ್ಲಿ ರಾಜಗೋಪಾಲಾಚಾರ್ಯರ ಮಂತ್ರಿಮಂಡಲವು 1937ರಲ್ಲಿ ಸೇಲಂ ಜಿಲ್ಲೆಯಿಂದ ಪಾನನಿಷೇಧವನ್ನು ಆರಂಭಿಸಿತು. 1948ರ ಹೊತ್ತಿಗೆ ಅದು ಪ್ರಾಂತದ ಎಲ್ಲ ಜಿಲ್ಲೆಗಳಿಗೂ ವ್ಯಾಪಿಸಿತು. ಕಾಲಾಂತರದಲ್ಲಿ ಆ ನಿಷೇಧವು ಹೋಯಿತು. ಮತ್ತೆ 2007ನೆಯ ಇಸವಿ ಜುಲೈ 1ರಿಂದ ಕರ್ನಾಟಕದಲ್ಲೆಲ್ಲ ಸಾರಾಯಿಯ ಮಾರಾಟವು ನಿಂತಿತು. ಅನೇಕ ಬಡಮನೆಗಳಲ್ಲಿ ಒಲೆ ಉರಿಯಲು ಇದು ಸಹಾಯವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮುಂದಿನ ವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರಿನ ಸುತ್ತಮುತ್ತಲೂ ನೆರೆಯ ತಮಿಳುನಾಡಿನ ಗಡಿಯಲ್ಲಿಯೂ ಕಳ್ಳಭಟ್ಟಿಯ ವಿಷಮದ್ಯವನ್ನು ಕುಡಿದು ನೂರಕ್ಕಿಂತ ಹೆಚ್ಚು ಜನರು ಪ್ರಾಣ ಬಿಟ್ಟರು. ಇದರಿಂದ ತಿಳಿಯತಕ್ಕದ್ದೇನು? ಅಂಗಡಿಯ ಬಾಗಿಲನ್ನು ಮುಚ್ಚುವ ಶಕ್ತಿಯು ಸರ್ಕಾರಕ್ಕುಂಟು. ಅಂಗಡಿಯು ಮುಚ್ಚಿದ ಮೇಲೆಯೂ ಒಳಗೆ ತೆರೆದೇ ಇರುವ ಬಯಕೆಯ ಬಾಗಿಲಿಗೆ ಸರ್ಕಾರದ ಬೀಗವು ಹಿಡಿಯದು. ಕಾನೂನು ಬೇಕು, ಆದರೆ ಅಷ್ಟೇ ಸಾಲದು.

ಇನ್ನು ಮಠಗಳು ಮಾಡಿದ್ದೇನು ಎಂದು ಕೇಳುವುದು ನ್ಯಾಯವಾಗಿದೆ. ಇದಕ್ಕೆ ಉತ್ತರವಾಗಿ ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಸಂಸ್ಥಾನಮಠದ ಶ್ರೀ ಮಹಾಂತ ಸ್ವಾಮಿಗಳವರ ಹೆಸರನ್ನು ಗೌರವದಿಂದ ಸ್ಮರಿಸಬೇಕು. 1930ರಲ್ಲಿ ಜನಿಸಿ 2018ರಲ್ಲಿ ಲಿಂಗೈಕ್ಯರಾದ ಈ ಪೂಜ್ಯರು 1975ರಲ್ಲಿ 'ಮಹಾಂತ ಜೋಳಿಗೆ'ಯನ್ನು ಆರಂಭಿಸಿದರು. ಜಂಗಮನ ಹೆಗಲಿಗೆ ಜೋಳಿಗೆಯು ಹೊಸದಲ್ಲ. ಆದರೆ ಆ ಜೋಳಿಗೆಗೆ ಅವರು ಬೇಡಿದ ಭಿಕ್ಷೆಯು ಹೊಸದು. ಜೋಳವನ್ನೂ ಬೇಡಲಿಲ್ಲ, ಹಣವನ್ನೂ ಬೇಡಲಿಲ್ಲ. ನಿಮ್ಮ ಕುಡಿತವನ್ನು, ನಿಮ್ಮ ಬೀಡಿಯನ್ನು, ನಿಮ್ಮ ಗುಟ್ಕಾವನ್ನು ಇದರಲ್ಲಿ ಹಾಕಿರೆಂದು ಊರೂರು ಕೇರಿಕೇರಿ ತಿರುಗಿದರು. ಜನರು ತಮ್ಮ ಕಿಸೆಯ ಪೊಟ್ಟಣಗಳನ್ನು ಎಲ್ಲರೆದುರಿಗೆ ಜೋಳಿಗೆಗೆ ಹಾಕಿ, ಮತ್ತೆ ಮುಟ್ಟೆವೆಂದು ಮಾತು ಕೊಟ್ಟರು. ಆ ಪೂಜ್ಯರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರವು ವ್ಯಸನಮುಕ್ತ ದಿನವೆಂದು ಆಚರಿಸುವುದು.

ಜೋಳಿಗೆಯ ಮಹಿಮೆ ಯಾವುದೆಂದರೆ, ವ್ಯಸನಿಯನ್ನು ಅದು ಕಳ್ಳನಂತೆ ಹಿಡಿಯಲಿಲ್ಲ, ದಾನಿಯಂತೆ ಕಂಡಿತು. ಬೈಗಳನ್ನೇ ಕೇಳುತ್ತಿದ್ದವನಿಗೆ, ನಿನ್ನ ಕೈಯಿಂದಲೂ ಕೊಡತಕ್ಕದ್ದೊಂದುಂಟು ಎಂದು ಹೇಳಿತು. ಕೊಟ್ಟವನು ತಲೆಯೆತ್ತಿ ಮನೆಗೆ ಹೋದನು. ಇದು ಸಾಮಾನ್ಯವಾದ ಉಪಕಾರವಲ್ಲ.

ಆದರೆ ಜೋಳಿಗೆಗೆ ಹಾಕಿ ಬಂದ ಮರುದಿನದ ಸಂಜೆಯ ವಿಚಾರವನ್ನು ಮಾಡದಿದ್ದಲ್ಲಿ ವಿಷಯವು ಅಪೂರ್ಣವಾಗುವುದು. ಕೊಟ್ಟ ಮಾತು ಪ್ರಾಮಾಣಿಕವಾದದ್ದೇ. ಆದಾಗ್ಯೂ ಮರುಸಂಜೆ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ, ಅದೇ ಗೆಳೆಯರ ಕೂಗು ಕೇಳಿದಾಗ ಗಂಟಲು ಒಣಗುವುದು, ಕಾಲು ತಾನಾಗಿಯೇ ತಿರುಗುವುದು. ಶಬರಿಮಲೆಗೆ ಮಾಲೆ ಹಾಕಿದವರು 41 ದಿನ ಮದ್ಯವನ್ನು ಮುಟ್ಟದೆ ಇರುವುದನ್ನು ಎಲ್ಲರೂ ಕಂಡಿರುವರು. ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತು ಕಾಲ್ನಡಿಗೆಯಲ್ಲಿ ಹೋಗುವವರೂ ಹಾಗೆಯೇ ನಿಯಮದಿಂದಿರುವರು. ಅವರಲ್ಲಿ ಕೆಲವರು ಮಾಲೆ ತೆಗೆದ ದಿನವೇ, ಹರಕೆ ತೀರಿದ ದಿನವೇ ಹಳೆಯ ದಾರಿಯನ್ನು ಹಿಡಿಯುವುದನ್ನೂ ಕಂಡಿರುವರು. ಇದನ್ನು ನೋಡಿ ನಗುವವರುಂಟು. ನಗತಕ್ಕದ್ದಲ್ಲ, ವಿಚಾರಿಸತಕ್ಕದ್ದು. 41 ದಿನ ಬಿಟ್ಟಿರಬಲ್ಲವನಿಗೆ ಬಿಡುವ ಶಕ್ತಿಯು ಇಲ್ಲವೆಂದು ಹೇಳುವಂತಿಲ್ಲ. ಶಕ್ತಿಯುಂಟು. 42ನೆಯ ದಿನದ ಬಯಕೆಯನ್ನು ಎದುರುಗೊಳ್ಳುವ ವಿದ್ಯೆಯು ಅವನಿಗೆ ಕಲಿಸಲ್ಪಟ್ಟಿಲ್ಲ. ವ್ರತವು ಅವನನ್ನು ಹೊರಗಿನಿಂದ ಕಾಯಿತು. ಒಳಗಿನಿಂದ ಕಾಯುವ ಕಾವಲುಗಾರನು ಇನ್ನೂ ಎಚ್ಚತ್ತಿರಲಿಲ್ಲ.

ಈ ಕಾವಲುಗಾರನ ಹೆಸರೇ ಅವಧಾನ. ಷಟ್‌ಸ್ಥಲದ ಕ್ರಮವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಭಕ್ತಸ್ಥಲಕ್ಕೆ ಶ್ರದ್ಧಾಭಕ್ತಿ, ಮಾಹೇಶ್ವರಸ್ಥಲಕ್ಕೆ ನಿಷ್ಠಾಭಕ್ತಿ, ಪ್ರಸಾದಿಸ್ಥಲಕ್ಕೆ ಅವಧಾನಭಕ್ತಿ, ಮೇಲಿನ ಮೂರು ಸ್ಥಲಗಳಿಗೆ ಅನುಭಾವ, ಆನಂದ, ಸಮರಸ ಎಂದು ಹಿರಿಯರು ವಿಂಗಡಿಸಿರುವರು. ಷಟ್‌ಸ್ಥಲವು ಲಿಂಗಾಂಗಸಾಮರಸ್ಯದ ಮಹಾಮಾರ್ಗ. ಅದನ್ನು ಕೇವಲ ಕುಡಿತ ಬಿಡಿಸುವ ಉಪಾಯವಾಗಿ ಇಳಿಸುವುದು ತರವಲ್ಲ. ಆದರೂ ಆ ಕ್ರಮದಲ್ಲಿ ಸಂಸಾರಿಗೆ ಉಪಯೋಗವಾಗುವ ಒಂದು ಸೂಕ್ಷ್ಮವುಂಟು. ಬಿಡುಗಡೆಯು ಸಾಧ್ಯವೆಂದು ನಂಬುವುದು ಶ್ರದ್ಧೆ. ಇನ್ನು ಮುಟ್ಟೆನೆಂದು ಮಾತು ಕೊಡುವುದು ನಿಷ್ಠೆ. ಹಿರಿಯರು ನಿಷ್ಠೆಯಲ್ಲಿಗೆ ನಿಲ್ಲಿಸಲಿಲ್ಲ. ಅದರ ಮುಂದೆ ಅವಧಾನವನ್ನು ಇಟ್ಟರು. ಪ್ರತಿಜ್ಞೆಯು ಎಷ್ಟೇ ಗಟ್ಟಿಯಾಗಿದ್ದರೂ ಅದು ಒಂದು ಮುಹೂರ್ತದ ಕಾರ್ಯ. ಅವಧಾನವಾದರೋ ಪ್ರತಿಮುಹೂರ್ತದ ಕಾರ್ಯ. ನಿಷ್ಠೆಯವರೆಗೆ ಬಂದು ಅವಧಾನಕ್ಕೆ ಏರದವನು ಏಣಿಯ ನಡುವೆ ನಿಂತವನಂತೆ. ಅವನು ಏರಬೇಕು, ಇಲ್ಲವೆ ಇಳಿಯಬೇಕು.

ಪ್ರಸಾದಿಯ ಲಕ್ಷಣವೇನು? ಬಂದ ಪದಾರ್ಥವನ್ನು ಮೊದಲು ಲಿಂಗಕ್ಕೆ ಅರ್ಪಿಸಿ, ಅನಂತರ ಪ್ರಸಾದವೆಂದು ಕೊಳ್ಳುವುದು. ಅನರ್ಪಿತವನ್ನು ಕೊಳ್ಳದಿರುವುದು. ಇದರಿಂದ ಕೈಗೂ ಬಾಯಿಗೂ ನಡುವೆ ಒಂದು ಕ್ಷಣದ ಅಂತರವು ಏರ್ಪಡುವುದು. ವ್ಯಸನಿಯ ರೋಗವೆಂದರೆ ಈ ಅಂತರವು ಅಳಿದುಹೋಗಿರುವುದೇ. ಬಯಕೆ ಹುಟ್ಟುವುದೂ ಕೈ ಚಾಚುವುದೂ ಅವನಲ್ಲಿ ಒಂದೇ ಆಗಿಬಿಟ್ಟಿರುವುವು. ಕಳೆದುಹೋದ ಆ ಅಂತರವನ್ನು ಮತ್ತೆ ಗಳಿಸಿಕೊಡುವುದೇ ಅವಧಾನದ ಫಲ. ಇದು ಒಂದೇ ಮತದವರ ಸೊತ್ತೆಂದು ಯಾರೂ ತಿಳಿಯಬಾರದು. ಬೌದ್ಧರು ಇದನ್ನೇ ಸ್ಮೃತಿ ಎಂದೂ ಪಾಲಿಯಲ್ಲಿ ಸತಿ ಎಂದೂ ಕರೆದು ವಿಸ್ತಾರವಾಗಿ ಅಭ್ಯಾಸ ಮಾಡಿದರು. ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ದೃಷ್ಟಿಯನ್ನು ನಿಲ್ಲಿಸುವ ರೂಢಿಯುಳ್ಳವರಿಗೆ ಇದರ ಅರ್ಧ ಪಾಠವು ಆಗಲೇ ಆಗಿರುವುದು. ಆ ರೂಢಿಯಿಲ್ಲದವರು ತಮ್ಮ ಉಸಿರಿನ ಮೇಲೆಯೇ ಗಮನವಿಟ್ಟು ಕುಳಿತರೂ ಸಾಕು.

ವಿಧಾನವನ್ನು ಹೇಳುವ ಮೊದಲು ಒಂದು ಎಚ್ಚರಿಕೆಯು ಅತ್ಯಗತ್ಯ. ಅನೇಕ ವರ್ಷಗಳಿಂದ ನಿತ್ಯವೂ ಹೆಚ್ಚಾಗಿ ಕುಡಿಯುತ್ತಿದ್ದವನು ಒಮ್ಮೆಲೇ ನಿಲ್ಲಿಸಿದಲ್ಲಿ ದೇಹವು ತಿರುಗಿಬೀಳುವುದು. ಮೊದಲ ದಿನವೇ ಕೈನಡುಕ, ಬೆವರು, ನಿದ್ರಾನಾಶಗಳು ತೋರಬಹುದು. ಒಂದೆರಡು ದಿನಗಳೊಳಗೆ ಕೆಲವರಿಗೆ ಅಪಸ್ಮಾರದಂತಹ ಸೆಳೆತ ಬರುವುದು. ಎರಡು ಮೂರು ದಿನಗಳ ಮೇಲೆ ಕೆಲವರಿಗೆ ಇಲ್ಲದ್ದು ಕಾಣುವ, ಇಲ್ಲದ ಧ್ವನಿ ಕೇಳುವ ಸನ್ನಿಯುಂಟಾಗಿ ಪ್ರಾಣಕ್ಕೇ ಅಪಾಯವಾಗುವುದು. ಇದನ್ನು ಗಾಳಿ ಸೋಂಕಿತೆಂದು ತಿಳಿದು ತಾಯಿತ ಕಟ್ಟಿಸುತ್ತ ಕುಳಿತಿರುವುದು ಘಾತುಕವಾದದ್ದು. ಅಂಥವನನ್ನು ನಿಲ್ಲಿಸುವ ಮೊದಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸೆಳೆತವನ್ನು ತಡೆಯುವ ಔಷಧವೂ, ಮಿದುಳನ್ನು ಕಾಪಾಡುವ ಬಿ1 ಜೀವಸತ್ವವೂ ಆ ದಿನಗಳಲ್ಲಿ ಅವನಿಗೆ ಬೇಕಾಗುವುವು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವುಂಟು. ದೂರ ಹೋಗಲಾರದವರು ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿಯಾದ 14446ಕ್ಕೂ, ಮಾನಸಿಕ ಆರೋಗ್ಯದ ಟೆಲಿಮಾನಸ್ ಸಹಾಯವಾಣಿಯಾದ 14416ಕ್ಕೂ ಹಣ ತೆರದೆ ಫೋನು ಮಾಡಿ ಸಲಹೆ ಪಡೆಯಬಹುದು. ವೈದ್ಯನ ಕೆಲಸವನ್ನು ವೈದ್ಯನೇ ಮಾಡಬೇಕು. ಅವಧಾನದ ಕೆಲಸವು ದೇಹವು ಶಾಂತವಾದ ಮೇಲೆ ಆರಂಭವಾಗುವುದು. ಮತ್ತೆ ವರ್ಷಾನುಗಟ್ಟಲೆ ನಡೆಯುವುದು.

ಇನ್ನು ಬಯಕೆಯ ಸ್ವರೂಪವನ್ನು ತಿಳಿಯೋಣವಾಗಲಿ. ಮಿದುಳಿನಲ್ಲಿ ಡೋಪಮೈನ್ ಎಂಬ ದ್ರವ್ಯವೊಂದುಂಟು. ಹಿಂದೆ ಸುಖ ಕೊಟ್ಟ ವಸ್ತುವಿನ ಗುರುತು ಕಂಡ ಮಾತ್ರದಿಂದಲೇ, ವಸ್ತುವು ಬಾಯಿಗೆ ಬರುವ ಮೊದಲೇ, ಇದು ಉಕ್ಕಿ ಮನಸ್ಸನ್ನು ಆ ಕಡೆಗೆ ಎಳೆಯುವುದು. ಕೂಲಿಯ ಹಣ ಕೈಗೆ ಬಂದ ಹೊತ್ತು, ಸಂತೆಯ ದಿನ, ಅಂಗಡಿಯ ದೀಪ, ಒಬ್ಬ ಗೆಳೆಯನ ಮುಖ, ಇವೆಲ್ಲವೂ ಗುರುತುಗಳೇ. ಮತ್ತೂ ಒಂದು ವಿಚಿತ್ರವುಂಟು. ಬೇಕೆನ್ನಿಸುವುದು ಬೇರೆ, ಹಿತವೆನ್ನಿಸುವುದು ಬೇರೆ. ವ್ಯಸನವು ಬಲಿತಂತೆಲ್ಲ ಬೇಕೆನ್ನಿಸುವುದು ಹೆಚ್ಚುತ್ತಲೂ ಹಿತವೆನ್ನಿಸುವುದು ಕುಗ್ಗುತ್ತಲೂ ಹೋಗುವುದು. ಆದುದರಿಂದಲೇ ಹಳೆಯ ಕುಡುಕನು ಸುಖಕ್ಕಾಗಿ ಕುಡಿಯುವುದಿಲ್ಲ, ಸಂಕಟ ತಾಳಲಾರದೆ ಕುಡಿಯುವನು. ಅವನನ್ನು ಭೋಗಿಯೆಂದು ನಿಂದಿಸುವವರು ಈ ಸಂಗತಿಯನ್ನು ಅರಿಯರು.

ಬಯಕೆಯನ್ನು ಬಲಾತ್ಕಾರದಿಂದ ಅದುಮುವುದರಿಂದ ಅದು ಹೋಗುವುದೇ? ಔಷಧಿ ಕುಡಿಯುವಾಗ ಕೋತಿಯನ್ನು ನೆನೆಯಬೇಡವೆಂದು ವೈದ್ಯನು ಹೇಳಿದ ಕಥೆಯು ಎಲ್ಲರಿಗೂ ಗೊತ್ತಿರುವುದೇ. ಬೇಡವೆಂದಷ್ಟೂ ಕೋತಿಯು ಎದುರಿಗೆ ಬಂದು ಕುಳಿತುಕೊಳ್ಳುವುದು. ಕುಡಿತವನ್ನು ನೆನೆಯಲೇಬಾರದೆಂದು ಹಲ್ಲು ಕಚ್ಚಿ ಕುಳಿತವನ ಗತಿಯೂ ಅದೇ. ಹಾಗಾದರೆ ಬಯಕೆಗೆ ಸೋಲುವುದೇ ಗತಿಯೇ? ಅದೂ ಅಲ್ಲ. ಅದುಮುವುದಕ್ಕೂ ಸೋಲುವುದಕ್ಕೂ ನಡುವೆ ಮೂರನೆಯದೊಂದು ದಾರಿಯುಂಟು. ಅದು ನೋಡುವ ದಾರಿ.

ಕಾವೇರಿಯನ್ನು ಕಂಡ ಈ ಸೀಮೆಯವರಿಗೆ ಇದನ್ನು ಹೇಳುವುದು ಕಷ್ಟವಲ್ಲ. ಮಳೆಗಾಲದಲ್ಲಿ ಹೊಳೆಯು ತುಂಬಿ ಬಂದಾಗ ಭರಚುಕ್ಕಿಯ ಭೋರ್ಗರೆತವು ದೂರಕ್ಕೆ ಕೇಳುವುದು. ಆಗ ಪ್ರವಾಹಕ್ಕೆ ಅಡ್ಡಲಾಗಿ ಎದೆಯೊಡ್ಡಿ ನಿಲ್ಲುವವನೂ ಮೂರ್ಖ, ಅದರೊಳಗೆ ಇಳಿಯುವವನೂ ಮೂರ್ಖ. ಬಲ್ಲವನು ದಡದಲ್ಲಿ ಕುಳಿತು ನೀರು ಎಲ್ಲಿಯವರೆಗೆ ಬಂದಿತು, ಎಷ್ಟು ಇಳಿಯಿತು ಎಂದು ನೋಡುತ್ತಿರುವನು. ಏರಿದ ನೀರು ಇಳಿದೇ ಇಳಿಯುವುದು. ಬಯಕೆಯೂ ಹಾಗೆಯೇ ಏರುವುದು, ನಿಲ್ಲುವುದು, ಇಳಿಯುವುದು. ಅದಕ್ಕೆ ಅನ್ನವಿಡದೆ ಇದ್ದಲ್ಲಿ ಅದರ ರಭಸವು ಸಾಮಾನ್ಯವಾಗಿ ಒಂದು ಗಳಿಗೆಯಷ್ಟು ಕಾಲದಲ್ಲಿ, ಎಂದರೆ ಸುಮಾರು 24 ನಿಮಿಷಗಳಲ್ಲಿ ತಗ್ಗುವುದು. ವ್ಯಸನಿಗೆ ಇದು ತಿಳಿಯದು. ಏತಕ್ಕೆಂದರೆ ಬಯಕೆಯು ಇಳಿಯುವವರೆಗೆ ಅವನು ಒಮ್ಮೆಯೂ ಕಾದು ನೋಡಿದವನಲ್ಲ; ಅದು ಏರುತ್ತಿರುವಾಗಲೇ ಅಂಗಡಿಗೆ ನಡೆದವನು.

ಇಲ್ಲ, ಅವನೂ ಕಾದದ್ದುಂಟು, ತನಗೆ ತಿಳಿಯದಂತೆ ಕಾದದ್ದುಂಟು. ಕೊಳ್ಳೇಗಾಲದ ಸೀಮೆಯು ರೇಷ್ಮೆಯ ಸೀಮೆ. ಹೊಗೆಸೊಪ್ಪಿನ ವಿಷವು ರೇಷ್ಮೆಹುಳುವಿಗೆ ಮಾರಕವೆಂಬುದು ಹುಳು ಸಾಕುವವರಿಗೆಲ್ಲ ಗೊತ್ತು. ಆದುದರಿಂದ ಬೀಡಿ ಸೇದುವವನೂ ಹುಳುಮನೆಯೊಳಗೆ ಬೀಡಿ ಹಚ್ಚನು. ಸೊಪ್ಪು ಹಾಕಿ ಮುಗಿಯುವವರೆಗೆ, ತಟ್ಟೆಗಳನ್ನು ಶುಚಿಮಾಡಿ ಮುಗಿಯುವವರೆಗೆ ಅವನ ಬಯಕೆಯು ಬಂದು ಬಂದು ಹೋಗುವುದು. ಅವನು ಅದನ್ನು ಲಕ್ಷಿಸನು. ಏನೂ ಆಗುವುದಿಲ್ಲ. ಹುಳುವಿನ ಪ್ರಾಣಕ್ಕಾಗಿ ಒಂದು ಗಳಿಗೆ ಕಾಯಬಲ್ಲವನು ತನ್ನ ಪ್ರಾಣಕ್ಕಾಗಿ, ತನ್ನ ಮಕ್ಕಳ ಅನ್ನಕ್ಕಾಗಿ ಒಂದು ಗಳಿಗೆ ಕಾಯಲಾರನೇ? ಕಾಯಬಲ್ಲನು. ಕಾಯುವ ಬಗೆಯನ್ನು ಬಲ್ಲವರು ತಿಳಿಸಿಕೊಡಬೇಕು, ಅಷ್ಟೆ.

ಆ ಬಗೆಯು ಇಂತಿರುವುದು. ಬಯಕೆ ಹುಟ್ಟಿದೊಡನೆ ಅದನ್ನು ಹೆಸರಿಟ್ಟು ಗುರುತಿಸಬೇಕು. 'ಕುಡಿಯಲೇಬೇಕು' ಎಂದುಕೊಳ್ಳುವುದಕ್ಕೆ ಬದಲಾಗಿ 'ಇದೀಗ ಕುಡಿಯುವ ಬಯಕೆಯು ಬಂದಿತು' ಎಂದು ಮನಸ್ಸಿನಲ್ಲಿ ಹೇಳಿಕೊಳ್ಳಬೇಕು. ಮೊದಲನೆಯದು ಅಪ್ಪಣೆ, ಎರಡನೆಯದು ವರ್ತಮಾನ. ಅಪ್ಪಣೆಯನ್ನು ಪಾಲಿಸಬೇಕಾಗುವುದು, ವರ್ತಮಾನವನ್ನು ಕೇಳಿಕೊಂಡರೆ ಸಾಕು. ಅನಂತರ ಅದು ದೇಹದಲ್ಲಿ ಎಲ್ಲಿ ಕುಳಿತಿರುವುದೆಂದು ಹುಡುಕಬೇಕು. ಗಂಟಲಿನಲ್ಲೋ, ನಾಲಿಗೆಯಲ್ಲೋ, ಎದೆಯಲ್ಲೋ, ಹೊಟ್ಟೆಯಲ್ಲೋ, ಕೈಬೆರಳಿನಲ್ಲೋ? ಬಿಸಿಯಾಗಿರುವುದೋ, ಬಿಗಿಯಾಗಿರುವುದೋ, ಮಿಡಿಯುತ್ತಿರುವುದೋ? ಹೀಗೆ ನೋಡುತ್ತ ಉಸಿರು ಒಳಗೆ ಬರುವುದನ್ನೂ ಹೊರಗೆ ಹೋಗುವುದನ್ನೂ ಗಮನಿಸಬೇಕು. ಉಸಿರನ್ನು ಹಿಡಿಯಲಾಗದು, ಎಳೆಯಲಾಗದು. ಅದು ಬಂದಂತೆ ಬರಲಿ. ಬಯಕೆ ಹೆಚ್ಚಿದರೆ ಹೆಚ್ಚಿತೆಂದೂ, ತಗ್ಗಿದರೆ ತಗ್ಗಿತೆಂದೂ ತಿಳಿಯುತ್ತಿರಬೇಕು. ಅದರೊಡನೆ ಜಗಳವಾಡಲಾಗದು, ಅದಕ್ಕೆ ನಾಚಿಕೊಳ್ಳಲೂ ಆಗದು. ಮಾದಪ್ಪನು ಹುಲಿಯನ್ನು ಕೊಲ್ಲಲಿಲ್ಲ, ಅದಕ್ಕೆ ಆಹಾರವೂ ಆಗಲಿಲ್ಲ. ಅದರ ಬೆನ್ನೇರಿ ಕುಳಿತನು. ಆ ಮೂರ್ತಿಯನ್ನು ಕಂಡವರಿಗೆ ಇದರ ಇಂಗಿತವು ತಿಳಿಯುವುದು.

ಈಜನ್ನು ಪ್ರವಾಹದಲ್ಲಿ ಕಲಿಯುವವರಿಲ್ಲ. ಕೆರೆಯ ಅಂಚಿನಲ್ಲಿ ಕಲಿಯುವರು. ಹಾಗೆಯೇ ಅವಧಾನವನ್ನು ಬಯಕೆಯಿಲ್ಲದ ಹೊತ್ತಿನಲ್ಲಿ ಅಭ್ಯಾಸ ಮಾಡಬೇಕು. ಬೆಳಗ್ಗೆ ಪೂಜಾಕಾಲದಲ್ಲಿ ಒಂದಷ್ಟು ಹೊತ್ತು, ರಾತ್ರಿ ಮಲಗುವ ಮೊದಲು ಒಂದಷ್ಟು ಹೊತ್ತು ಸುಮ್ಮನೆ ಕುಳಿತು ಉಸಿರನ್ನು ನೋಡಬೇಕು. ಮನಸ್ಸು ಓಡಿಹೋಗುವುದು ಸಹಜ. ಓಡಿಹೋದುದು ತಿಳಿದೊಡನೆ ಕರೆದು ತರಬೇಕು. ನೂರು ಸಲ ಓಡಿದರೆ ನೂರು ಸಲ ಕರೆದು ತರುವುದೇ ಸಾಧನೆ. ಚಿಕ್ಕ ಬಯಕೆಗಳಲ್ಲಿ ಇದನ್ನು ಪರೀಕ್ಷಿಸಬಹುದು. ಕಾಫಿಯ ಹೊತ್ತಿಗೆ ಕಾಫಿಯನ್ನು ಸ್ವಲ್ಪ ತಡಮಾಡಿ, ಬೇಕೆನ್ನಿಸುವುದು ಹೇಗೆ ಬಂದು ಹೇಗೆ ಹೋಗುವುದೆಂದು ನೋಡಬಹುದು. ಎಲೆಯಡಿಕೆಗೆ ಕೈ ಹೋಗುವಾಗ, ಮೊಬೈಲಿಗೆ ಕೈ ಹೋಗುವಾಗ ನಡುವೆ ಒಮ್ಮೆ ನಿಲ್ಲಬಹುದು. ಅಲ್ಪದಲ್ಲಿ ಗಳಿಸಿದ ಅಂತರವು ಮಹತ್ತಿನಲ್ಲಿ ನೆರವಾಗುವುದು.

ಇದು ಕೇವಲ ಮಠದ ಮಾತೆಂದು ಸಂದೇಹಪಡುವ ತರುಣರು ಸಭೆಯಲ್ಲಿರಬಹುದು. ಅವರಿಗಾಗಿ ದೂರದೇಶದ ಒಂದು ಸಾಕ್ಷ್ಯವನ್ನು ಹೇಳುವುದು ಉಚಿತ. ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅಲನ್ ಮಾರ್ಲಟ್ ಎಂಬ ಮನಶ್ಶಾಸ್ತ್ರಜ್ಞರಿದ್ದರು. ಬಿಟ್ಟವರು ಮತ್ತೆ ಏಕೆ ಬೀಳುವರು ಎಂಬುದನ್ನೇ ಶೋಧಿಸುತ್ತ ಜೀವಮಾನವನ್ನು ಕಳೆದು ಇವರು 2011ರಲ್ಲಿ ಕಾಲವಾದರು. ಬಯಕೆಯು ಅಲೆಯಂಥದು, ಅದರ ಮೇಲೆ ತೇಲಬೇಕು, ಅದರಲ್ಲಿ ಮುಳುಗಬಾರದು ಎಂದು ಬೋಧಿಸಿ, ಬೌದ್ಧರ ಸ್ಮೃತಿಸಾಧನೆಯನ್ನು ವ್ಯಸನಚಿಕಿತ್ಸೆಯಲ್ಲಿ ಸೇರಿಸಿದವರಲ್ಲಿ ಇವರು ಪ್ರಮುಖರು. 2009ರಲ್ಲಿ ಇವರೂ ಇವರ ಸಹೋದ್ಯೋಗಿ ಸಾರಾ ಬೋವನ್ ಎಂಬವರೂ ಪ್ರಕಟಿಸಿದ ಶೋಧನೆಯಲ್ಲಿ ಸಿಗರೇಟು ಸೇದುವ 123 ವಿದ್ಯಾರ್ಥಿಗಳು ಭಾಗಿಗಳಾಗಿದ್ದರು. ಬಯಕೆಯನ್ನು ನೋಡುವ ವಿಧಾನವನ್ನು ಸ್ವಲ್ಪ ಹೊತ್ತು ಕಲಿತವರಲ್ಲಿ ಬಯಕೆಯು ಉಳಿದವರಷ್ಟೇ ಇದ್ದಿತು. ಆದರೂ ಮುಂದಿನ ಏಳು ದಿನಗಳಲ್ಲಿ ಅವರು ಸೇದಿದ ಸಿಗರೇಟುಗಳು ಕಡಿಮೆಯಾಗಿದ್ದುವು. ಇದರ ತಾತ್ಪರ್ಯವನ್ನು ಚೆನ್ನಾಗಿ ಗ್ರಹಿಸಬೇಕು. ಅವಧಾನದಿಂದ ಬಯಕೆಯು ಒಡನೆಯೇ ಮಾಯವಾಗದು. ಬಯಕೆಗೂ ಕೈಗೂ ಇದ್ದ ಕಟ್ಟು ಸಡಿಲವಾಗುವುದು. ಇನ್ನೂ ಬಯಕೆ ಬರುವುದಲ್ಲಾ ಎಂದು ನಿರಾಶರಾಗುವವರು ಈ ಮಾತನ್ನು ಮರೆಯಬಾರದು.

2014ರಲ್ಲಿ ಪ್ರಕಟವಾದ ಇನ್ನೊಂದು ಶೋಧನೆಯಲ್ಲಿ ಚಿಕಿತ್ಸೆ ಮುಗಿಸಿದ 286 ಜನರನ್ನು ಮೂರು ಪಂಗಡ ಮಾಡಿದರು. ಒಂದು ವರ್ಷ ಕಳೆದ ಮೇಲೆ ನೋಡಲಾಗಿ, ಅವಧಾನವನ್ನು ಅಭ್ಯಾಸ ಮಾಡಿದ ಪಂಗಡದವರು ಮಾದಕಸೇವನೆ ಮಾಡಿದ ದಿನಗಳು ಉಳಿದ ಎರಡು ಪಂಗಡಗಳವರಿಗಿಂತ ಕಡಿಮೆಯಾಗಿದ್ದುವು. ಸತ್ಯವನ್ನು ಮುಚ್ಚಿಡಬಾರದು: ಅನೇಕ ಶೋಧನೆಗಳನ್ನು ಒಟ್ಟಿಗೆ ತೂಗಿ ನೋಡಿದ ಪಂಡಿತರು, ಬೇರೆ ಒಳ್ಳೆಯ ಚಿಕಿತ್ಸೆಗಳಿಗಿಂತ ಇದು ಬಹಳ ಮೇಲೆಂದು ಹೇಳುವುದಿಲ್ಲ. ಆದುದರಿಂದ ಅವಧಾನವನ್ನು ಔಷಧ, ಸಲಹೆ, ಸತ್ಸಂಗಗಳ ಜತೆಗಾರನಂತೆ ತಿಳಿಯಬೇಕು. ಅವುಗಳ ಶತ್ರುವಿನಂತೆ ತಿಳಿಯಬಾರದು.

ಮಾರ್ಲಟ್ಟರು ಕಂಡುಹಿಡಿದ ಇನ್ನೊಂದು ಸಂಗತಿಯು ಮಾತುಕೊಟ್ಟವರಿಗೆ ಅತಿಮುಖ್ಯವಾದದ್ದು. ಬಿಟ್ಟವನು ಒಮ್ಮೆ ಎಡವುವುದುಂಟು. ಆ ಒಂದು ಗುಟುಕಿಗಿಂತ ಅದರ ಹಿಂದೆಯೇ ಬರುವ ವಿಚಾರವು ಹೆಚ್ಚು ಕೇಡು ಮಾಡುವುದು. 'ಗುರುವಿನೆದುರಿಗೆ ಕೊಟ್ಟ ಮಾತು ಮುರಿಯಿತು, ಎಲ್ಲವೂ ಹೋಯಿತು, ಇನ್ನು ಹೇಗಿದ್ದರೇನು' ಎಂದು ಅವನು ಕಡೆಯವರೆಗೆ ಕುಡಿಯುವನು. ಒಂದು ಹೆಜ್ಜೆ ಜಾರಿದವನನ್ನು ಪಾತಾಳದವರೆಗೆ ತಳ್ಳುವುದು ಅವನ ಲಜ್ಜೆಯೇ. ಬೆಟ್ಟ ಹತ್ತುವವನು ಒಂದು ಮೆಟ್ಟಿಲು ಜಾರಿದರೆ ಅಲ್ಲಿಯೇ ಕೈಯೂರಿ ಏಳುವನಲ್ಲದೆ, ಜಾರಿದೆನೆಂಬ ಕಾರಣಕ್ಕೆ ಬುಡದವರೆಗೆ ಉರುಳಿಕೊಳ್ಳುವನೇ? ಆದಕಾರಣ ಎಡವಿದವನು ಆ ದಿನವೇ ಗುರುವಿನ ಬಳಿಗೋ ವೈದ್ಯನ ಬಳಿಗೋ ಆಪ್ತನ ಬಳಿಗೋ ಬಂದು ಹೇಳಿಕೊಳ್ಳತಕ್ಕದ್ದು. ಬಂದವನಿಗೆ ಮಠದ ಬಾಗಿಲು ಮೊದಲ ದಿನದಂತೆಯೇ ತೆರೆದಿರತಕ್ಕದ್ದು. ಮಾತು ಮುರಿದವನೆಂದು ಅವನನ್ನು ಹೊರಗಿಟ್ಟಲ್ಲಿ ಜೋಳಿಗೆಯು ಕೊಟ್ಟ ಗೌರವವನ್ನು ಊರೇ ಕಿತ್ತುಕೊಂಡಂತಾಗುವುದು.

ಎಡವಿದ ಮೇಲೆ ಮಾಡತಕ್ಕ ವಿಚಾರವೂ ಅವಧಾನದ್ದೇ. ಬೀಳುವ ಮೊದಲು ಏನಿದ್ದಿತು? ಹಸಿವಿದ್ದಿತೇ? ಕೋಪವಿದ್ದಿತೇ? ಒಂಟಿತನವಿದ್ದಿತೇ? ಆಯಾಸವಿದ್ದಿತೇ? ಈ ನಾಲ್ಕರಲ್ಲಿ ಒಂದು ಮುಂದೆ ಬಂದು ಬಾಗಿಲು ತೆರೆದ ಮೇಲೆಯೇ ಬಯಕೆಯು ಒಳಗೆ ಬರುವುದು ಹೆಚ್ಚು. ಇಲ್ಲಿ ಮನೆಯವರಿಗೂ ಕರ್ತವ್ಯವುಂಟು. ಗದ್ದೆಯಿಂದಲೋ ಕೂಲಿಯಿಂದಲೋ ಬಂದವನಿಗೆ ಸಂಜೆಯ ಹೊತ್ತಿಗೆ ಸರಿಯಾಗಿ ತುತ್ತು ಅನ್ನವಿರಲಿ, ಸಾಲದ ಮಾತು ಬೆಳಗ್ಗೆಗೆ ಇರಲಿ. ಹಾಗೆಂದು ಅವನ ಕುಡಿತದ ಪಾಪವನ್ನು ಹೆಂಡತಿಯ ತಲೆಗೆ ಕಟ್ಟುವುದು ಮಹಾ ಅನ್ಯಾಯ. ಅವಳು ಸಹಾಯ ಮಾಡಬಹುದು. ಅವನ ಬಯಕೆಗೆ ಅವಳು ಹೊಣೆಯಲ್ಲ. ಹೊಡೆತವನ್ನು ಸಹಿಸಿಕೊಂಡಿರುವುದು ಪತಿವ್ರತಾಧರ್ಮವೆಂದು ಅವಳಿಗೆ ಬೋಧಿಸುವವರು ಧರ್ಮವನ್ನು ಅರಿಯರು.

ಒಬ್ಬನೇ ಹೋರಾಡುವುದಕ್ಕಿಂತ ಕೂಡಿ ನಡೆಯುವುದು ಸುಲಭ. ಧರ್ಮಸ್ಥಳದವರ ಮಾರ್ಗದರ್ಶನದಲ್ಲಿ ಊರೂರುಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಲ್ಲಿ ಬಿಟ್ಟವರು ಅನಂತರ ನವಜೀವನ ಸಮಿತಿಗಳಾಗಿ ಕಲೆಯುತ್ತಿರುವುದು ಇದಕ್ಕೆ ಒಳ್ಳೆಯ ಮಾದರಿ. ಧನಗೆರೆಯಂಥ ಊರಿನಲ್ಲಿ ವಾರಕ್ಕೊಂದು ಸಂಜೆ, ಅದೂ ಅಂಗಡಿಯ ಕಡೆಗೆ ಕಾಲೆಳೆಯುವ ಹೊತ್ತಿನಲ್ಲಿಯೇ, ಹತ್ತು ಮಂದಿ ಕೂಡಿ ಕುಳಿತು ಒಂದು ಗಳಿಗೆ ಮೌನವಾಗಿ ಉಸಿರನ್ನು ನೋಡಿ, ಆ ವಾರದ ಬಯಕೆ ಎಡವುಗಳನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವುದಾದರೆ ಅದಕ್ಕೆ ಬೇಕಾಗುವ ಖರ್ಚು ಒಂದು ಚಾಪೆ, ಒಂದು ದೀಪ. ಅಲ್ಲಿ ಜಾತಿಯನ್ನು ಕೇಳತಕ್ಕದ್ದಲ್ಲ. ಹನ್ನೆರಡನೆಯ ಶತಮಾನದ ಶರಣರ ಕೂಟದಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯನಿಗೂ ಸ್ಥಾನವಿದ್ದಿತು, ಅವನ ವಚನಗಳೂ ಉಳಿದು ಬಂದಿರುವುವು. ಹೆಂಡ ಮಾರಿದವನನ್ನು ಒಳಗೆ ಕರೆದುಕೊಂಡ ಪರಂಪರೆಯು ಹೆಂಡ ಕುಡಿದವನನ್ನು ಹೊರಗೆ ನಿಲ್ಲಿಸುವುದು ಹೇಗೆ ಸಲ್ಲುವುದು?

ಸಾರಾಂಶವಿಷ್ಟೇ. ಕಾನೂನು ಅಂಗಡಿಯನ್ನು ಕಾಯಲಿ, ವೈದ್ಯನು ದೇಹವನ್ನು ಕಾಯಲಿ, ಬಂಧುಬಳಗವು ಮಾನವನ್ನು ಕಾಯಲಿ. ಮನಸ್ಸನ್ನು ಕಾಯುವವನು ಅವನವನೇ. ಜನ್ಮವಿಡೀ ಬಿಡುವೆನೆಂಬ ಮಾತು ಭಾರವಾಗಿ ತೋರಿದರೆ ಅದನ್ನು ಇಳಿಸಿಡಲಿ. ಬಂದ ಬಯಕೆಯನ್ನು ಈ ಒಂದು ಗಳಿಗೆ ಎಚ್ಚರದಿಂದ ನೋಡುವೆನೆಂದರೆ ಸಾಕು. ಗಳಿಗೆಗಳು ಕೂಡಿ ದಿನವಾಗುವುದು, ದಿನಗಳು ಕೂಡಿ ವರ್ಷವಾಗುವುದು. ನಿಷ್ಠೆಯಿಂದ ಮಾತು ಕೊಟ್ಟವರೆಲ್ಲರಿಗೂ ಆ ಅವಧಾನವು ಕೈಗೂಡಲಿ. ಅವರ ಮನೆಯ ತಾಯಂದಿರು ಸಂಜೆಯ ಹೆಜ್ಜೆಯ ಸಪ್ಪಳಕ್ಕೆ ಅಂಜದಂತಾಗಲಿ.